ಬೆರಳು ಮುನಿದರೂ ನಿಲ್ಲದ ನಾದ

ಸ್ಯಾಕ್ಸೋಫೋನ್ ಅಂದ ಕೂಡಲೇ ನಮ್ಮ ನಾಡಿನ ಅಜ್ಜ-ಅಜ್ಜಿಯರಿಗೆ ನೆನಪಾಗುವ ಹೆಸರು ಕದ್ರಿ ಗೋಪಾಲನಾಥ್. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ಹುಡುಗ, ನಾಗಸ್ವರ ವಿದ್ವಾಂಸರ ಮಗ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ಹೊಳೆಯುವ ವಾದ್ಯವನ್ನು ಕೇಳಿ ಮನಸೋತು, ವರ್ಷಗಟ್ಟಲೆ ಪಳಗಿಸಿ, ಅದರ ಬಾಯಲ್ಲಿ ತ್ಯಾಗರಾಜರ ಕೀರ್ತನೆ ಹಾಡಿಸಿದವರು. 1994ರಲ್ಲಿ ಅವರು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ, ಬಿಬಿಸಿಯ ಪ್ರಾಮ್ಸ್ ಸಂಗೀತೋತ್ಸವದಲ್ಲಿ ನುಡಿಸಿ ಬಂದರು.

ಆ ದೊಡ್ಡ ದುಂಡು ಸಭಾಂಗಣದ ಬೆನ್ನಿಗೇ ಒಂದು ಸಂಗೀತ ಕಾಲೇಜಿದೆ. ಅದರ ಹೆಸರು ರಾಯಲ್ ಕಾಲೇಜ್ ಆಫ್ ಮ್ಯೂಸಿಕ್. ಇವತ್ತು ನಾನು ಹೇಳಹೊರಟಿರುವುದು ಆ ಕಾಲೇಜಿನಲ್ಲಿ ಓದಿದ ಒಬ್ಬ ಹೆಣ್ಣುಮಗಳ ಕಥೆ. ಹೆಸರು ಬಾರ್ಬರಾ ಥಾಮ್ಸನ್. ಇಂಗ್ಲೆಂಡಿನ ಜಾಝ್ ಸಂಗೀತದಲ್ಲಿ ಸ್ಯಾಕ್ಸೋಫೋನ್ ಹಿಡಿದು ಎದೆಯುಬ್ಬಿಸಿ ನಿಂತವರು, ಸ್ವತಃ ಸಂಗೀತ ರಚಿಸಿದವರು. ನಡುವಯಸ್ಸಿನಲ್ಲಿ ಅವರ ಬೆರಳುಗಳೇ ಅವರ ಮಾತು ಕೇಳುವುದನ್ನು ನಿಲ್ಲಿಸತೊಡಗಿದವು. ಆಮೇಲೆ ಅವರು ಏನು ಮಾಡಿದರು ಎಂಬುದು ಮಕ್ಕಳಿಗೂ ತಿಳಿಯಬೇಕು, ಮಕ್ಕಳ ಪಕ್ಕದಲ್ಲಿ ಕೂತು ಇದನ್ನು ಓದುತ್ತಿರುವ ಹಿರಿಯರಿಗೂ ತಿಳಿಯಬೇಕು.

ಹಿತ್ತಾಳೆಯ ಮೈ, ಜೊಂಡಿನ ನಾಲಗೆ

ಮಕ್ಕಳೇ, ಮೊದಲು ವಾದ್ಯದ ಪರಿಚಯ ಮಾಡಿಕೊಳ್ಳೋಣ. ಸ್ಯಾಕ್ಸೋಫೋನ್ ನಮ್ಮ ವೀಣೆ, ಕೊಳಲುಗಳಂತೆ ಸಾವಿರಾರು ವರ್ಷದ್ದಲ್ಲ. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬ ವಾದ್ಯ ತಯಾರಕ ಅದನ್ನು ರೂಪಿಸಿ 1846ರಲ್ಲಿ ಪ್ಯಾರಿಸ್‌ನಲ್ಲಿ ಪೇಟೆಂಟ್ ಪಡೆದ. ಅವನ ಹೆಸರೇ ವಾದ್ಯಕ್ಕೂ ಬಂತು.

ಮೈಯೆಲ್ಲ ಹಿತ್ತಾಳೆ. ಆದರೂ ಸಂಗೀತಗಾರರು ಇದನ್ನು ಮರದ ವಾದ್ಯಗಳ ಸಾಲಿಗೆ ಸೇರಿಸುತ್ತಾರೆ. ಯಾಕೆಂದರೆ ನಾದ ಹುಟ್ಟುವುದು ಬಾಯಿಗೆ ಇಟ್ಟುಕೊಳ್ಳುವ ತುದಿಯಲ್ಲಿ. ಅಲ್ಲಿ ಜೊಂಡಿನ ಒಂದು ತೆಳು ಸೀಳು ಇರುತ್ತದೆ, ಅದಕ್ಕೆ ರೀಡ್ ಅನ್ನುತ್ತಾರೆ. ಊದಿದಾಗ ಆ ರೀಡ್ ಪಟಪಟನೆ ಅದುರುತ್ತದೆ, ಕೊಳವೆಯೊಳಗಿನ ಗಾಳಿಯೂ ಅದರೊಡನೆ ಅದುರುತ್ತದೆ. ಮೈಮೇಲೆ ಇಪ್ಪತ್ತಕ್ಕೂ ಹೆಚ್ಚು ಕೀಲಿಗಳು. ಯಾವ ಕೀಲಿ ಒತ್ತಿದರೆ ಯಾವ ತೂತು ಮುಚ್ಚುತ್ತದೆ, ಯಾವುದು ತೆರೆಯುತ್ತದೆ ಎಂಬುದು ಬೆರಳುಗಳಿಗೆ ಬಾಯಿಪಾಠ ಆಗಿರಬೇಕು. ತುಟಿ, ಉಸಿರು, ಹತ್ತು ಬೆರಳು ಇವಿಷ್ಟೂ ಒಂದೇ ಗಳಿಗೆಯಲ್ಲಿ ಒಪ್ಪಂದ ಮಾಡಿಕೊಂಡರೆ ಮಾತ್ರ ಒಂದು ಸ್ವರ ಸರಿಯಾಗಿ ಹೊರಡುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಕಥೆಯಲ್ಲಿ ಮುಂದೆ ಬೇಕಾಗುತ್ತದೆ.

ಆಕ್ಸ್‌ಫರ್ಡಿನಲ್ಲಿ ಹುಟ್ಟಿದ ಹುಡುಗಿ

ಬಾರ್ಬರಾ ಹುಟ್ಟಿದ್ದು 1944ರ ಜುಲೈ 27ರಂದು, ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ. ಎರಡನೇ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಬೆಳೆದ ಮೇಲೆ ಲಂಡನ್ನಿನ ರಾಯಲ್ ಕಾಲೇಜಿಗೆ ಸೇರಿ ಕ್ಲಾರಿನೆಟ್, ಪಾಶ್ಚಾತ್ಯ ಕೊಳಲು, ಪಿಯಾನೋ ಕಲಿತರು. ಅದರ ಜೊತೆಗೆ ಸಂಗೀತ ರಚನೆಯನ್ನೂ ಕಲಿತರು. ಎಲ್ಲವೂ ಶಾಸ್ತ್ರೀಯ. ಸ್ವರಗಳನ್ನು ಹಾಳೆಯ ಮೇಲೆ ಬರೆದು, ಬರೆದದ್ದನ್ನು ಚಾಚೂ ತಪ್ಪದೆ ನುಡಿಸುವ ಪದ್ಧತಿ.

ಅಷ್ಟರಲ್ಲಿ ಕಿವಿಗೆ ಬಿದ್ದದ್ದು ಅಮೆರಿಕದ ಡ್ಯೂಕ್ ಎಲಿಂಗ್ಟನ್ ಮತ್ತು ಜಾನ್ ಕೋಲ್ಟ್ರೇನ್ ಅವರ ಜಾಝ್. ಎಲಿಂಗ್ಟನ್ ದೊಡ್ಡ ವಾದ್ಯವೃಂದದ ಯಜಮಾನ. ಕೋಲ್ಟ್ರೇನ್ ಸ್ಯಾಕ್ಸೋಫೋನಿನಲ್ಲಿ ಧ್ಯಾನಕ್ಕೆ ಕೂತವರಂತೆ ನುಡಿಸುತ್ತಿದ್ದವರು. ಬಾರ್ಬರಾ ಅವರ ಮನಸ್ಸು ಆ ಕಡೆ ತಿರುಗಿತು. ಅವರು ಸ್ಯಾಕ್ಸೋಫೋನ್ ಕೈಗೆತ್ತಿಕೊಂಡರು.

ಜಾಝ್ ಎಂದರೇನು ಎಂದು ಮೊಮ್ಮಕ್ಕಳು ಕೇಳಿದರೆ ಅಜ್ಜಂದಿರು ಹೀಗೆ ಹೇಳಬಹುದು. ನಮ್ಮ ಕಛೇರಿಯಲ್ಲಿ ಕೃತಿ ಮುಗಿದ ಮೇಲೆ ವಿದ್ವಾಂಸರು ಕಲ್ಪನಾ ಸ್ವರ ಹಾಕುತ್ತಾರಲ್ಲ, ಪಿಟೀಲಿನವರು ಅದಕ್ಕೆ ಉತ್ತರ ಕೊಡುತ್ತಾರಲ್ಲ, ಕೊನೆಗೆ ಮೃದಂಗದವರಿಗೆ ತನಿ ಆವರ್ತನ ಬಿಟ್ಟುಕೊಡುತ್ತಾರಲ್ಲ, ಜಾಝ್‌ನ ಜೀವ ಇರುವುದೂ ಅಂಥದ್ದರಲ್ಲೇ. ಹಾಡಿನ ಒಂದು ಚೌಕಟ್ಟು ಇರುತ್ತದೆ. ಅದರೊಳಗೆ ಅವರವರ ಸರದಿ ಬಂದಾಗ ಅವರವರ ಮನೋಧರ್ಮ. ಇನ್ನೊಬ್ಬರು ಏನು ನುಡಿಸುತ್ತಿದ್ದಾರೆ ಎಂದು ಕಿವಿಗೊಟ್ಟು ಕೇಳದವರು ಅಲ್ಲಿ ನಿಲ್ಲಲಾರರು.

1960ರ ದಶಕದ ಲಂಡನ್ನಿನಲ್ಲಿ ಜಾಝ್ ವೇದಿಕೆ ಹತ್ತಿದ ಹೆಂಗಸರು ಬಹುತೇಕ ಹಾಡುಗಾರ್ತಿಯರೇ. ಹಿತ್ತಾಳೆಯ ಸ್ಯಾಕ್ಸೋಫೋನ್ ಕುತ್ತಿಗೆಗೆ ತೂಗುಹಾಕಿಕೊಂಡು ಗಂಡಸರ ಸಾಲಿನಲ್ಲಿ ಕೂರುವ ಹೆಣ್ಣು ಅಪರೂಪ. ನೀಲ್ ಆರ್ಡ್ಲಿ ಮುನ್ನಡೆಸುತ್ತಿದ್ದ ನ್ಯೂ ಜಾಝ್ ಆರ್ಕೆಸ್ಟ್ರಾ ಎಂಬ ತಂಡದಲ್ಲಿ ಬಾರ್ಬರಾ ಹಾಗೆ ಕೂತರು.

ಒಂದೇ ಮನೆಯ ಎರಡು ವಾದ್ಯ

ಅದೇ ತಂಡದಲ್ಲಿ ಡ್ರಮ್ ಬಾರಿಸುತ್ತಿದ್ದ ಹುಡುಗ ಜಾನ್ ಹೈಸ್‌ಮನ್. ಅವರೂ 1944ರಲ್ಲೇ ಹುಟ್ಟಿದವರು. 1967ರಲ್ಲಿ ಇಬ್ಬರೂ ಮದುವೆಯಾದರು. ಜಾನ್ ಮರುವರ್ಷ ಕಟ್ಟಿದ ಕೊಲೋಸಿಯಮ್ ಎಂಬ ತಂಡ ಜಾಝ್ ಮತ್ತು ರಾಕ್ ಎರಡನ್ನೂ ಬೆಸೆದು ಯುರೋಪಿನಲ್ಲೆಲ್ಲ ಹೆಸರು ಮಾಡಿತು.

1975ರ ಹೊತ್ತಿಗೆ ಜರ್ಮನಿಯಲ್ಲಿ ಯುನೈಟೆಡ್ ಜಾಝ್ ಅಂಡ್ ರಾಕ್ ಎನ್ಸೆಂಬಲ್ ಹುಟ್ಟಿತು. ಅದರ ವಿಶೇಷ ಏನು ಗೊತ್ತೇ? ಅದರಲ್ಲಿದ್ದ ಹೆಚ್ಚಿನವರು ತಮ್ಮ ತಮ್ಮ ತಂಡಗಳಿಗೆ ತಾವೇ ಯಜಮಾನರಾದವರು. ಯಕ್ಷಗಾನದಲ್ಲಿ ಎಲ್ಲ ಮೇಳದ ಭಾಗವತರೂ ಒಂದೇ ರಂಗಸ್ಥಳಕ್ಕೆ ಬಂದ ಹಾಗೆ! ಆ ಘಟಾನುಘಟಿಗಳ ನಡುವೆ ಇದ್ದ ಹೆಣ್ಣು ಬಾರ್ಬರಾ ಒಬ್ಬರೇ.

ಅವರೂ ಯಜಮಾನಿಕೆಗೆ ಕಮ್ಮಿಯಿರಲಿಲ್ಲ. ಅದೇ ದಶಕದಲ್ಲಿ ತಮ್ಮದೇ ತಂಡ ಪ್ಯಾರಾಫರ್ನೇಲಿಯಾ ಕಟ್ಟಿದರು. ಆ ಪದವನ್ನು ಕನ್ನಡದಲ್ಲಿ ಹೇಳುವುದಾದರೆ ‘ಸರಕು ಸರಂಜಾಮು’. ಹೆಸರಿಗೆ ತಕ್ಕಂತೆ ಅದರಲ್ಲಿ ಎಲ್ಲವೂ ಇತ್ತು. ಜಾಝ್, ರಾಕ್, ಜನಪದ ಧಾಟಿಗಳು, ಕಾಲೇಜಿನಲ್ಲಿ ಕಲಿತ ಶಾಸ್ತ್ರೀಯದ ಶಿಸ್ತು. ನುಡಿಸಿದ ಬಹುಪಾಲು ರಚನೆಗಳು ಬಾರ್ಬರಾ ಅವರವೇ. ಗಂಡ ಡ್ರಮ್ ಹಿಂದೆ ಕೂತು ತಾಳ ಹಿಡಿದರೆ ಹೆಂಡತಿ ಮುಂದೆ ನಿಂತು ನುಡಿಸುತ್ತಿದ್ದರು. 1980ರ ದಶಕದಲ್ಲಿ ಮನೆಯ ಪಕ್ಕದಲ್ಲೇ ಸ್ಟುಡಿಯೋ ಕಟ್ಟಿಕೊಂಡರು. ಧ್ವನಿಮುದ್ರಣದ ಕೆಲಸ ಜಾನ್ ಅವರದು. ಒಬ್ಬ ಮಗ, ಒಬ್ಬ ಮಗಳು. ಮಗಳು ಆನಾ ಗ್ರೇಸಿ ಮುಂದೆ ಗಾಯಕಿಯಾದರು.

ಬಾರ್ಬರಾ ಅವರ ಹೆಸರು ಕೇಳದಿದ್ದವರೂ ಅವರ ನಾದ ಕೇಳಿದ್ದರು. ಆಂಡ್ರ್ಯೂ ಲಾಯ್ಡ್ ವೆಬ್ಬರ್ ಅವರ ‘ವೇರಿಯೇಶನ್ಸ್’ ಧ್ವನಿಮುದ್ರಿಕೆ 1978ರಲ್ಲಿ ಬಂದಾಗ ಅದರಲ್ಲಿ ನುಡಿಸಿದ್ದು ಈ ದಂಪತಿ. ಬೆಕ್ಕುಗಳ ವೇಷ ಹಾಕಿ ಆಡುವ ಪ್ರಸಿದ್ಧ ಸಂಗೀತ ನಾಟಕ ‘ಕ್ಯಾಟ್ಸ್’ನ ಮೊದಲ ಧ್ವನಿಮುದ್ರಣದಲ್ಲೂ ಅವರಿದ್ದರು. ‘ಎ ಟಚ್ ಆಫ್ ಫ್ರಾಸ್ಟ್’ ಎಂಬ ಟಿ.ವಿ. ಪತ್ತೇದಾರಿ ಧಾರಾವಾಹಿ 1992ರಲ್ಲಿ ಶುರುವಾಯಿತು. ಅದರ ಆರಂಭದಲ್ಲಿ ಕೇಳುವ ಸಂಗೀತ ಇವರಿಬ್ಬರ ರಚನೆ. ಇಂಗ್ಲೆಂಡಿನ ಎಷ್ಟೋ ಮನೆಗಳಲ್ಲಿ ಆ ಸ್ಯಾಕ್ಸೋಫೋನ್ ಮೊಳಗಿದರೆ ಮನೆಮಂದಿ ಬಂದು ಟಿ.ವಿ. ಮುಂದೆ ಕೂತರು ಎಂದೇ ಅರ್ಥ.

1996ರಲ್ಲಿ ಬ್ರಿಟನ್ನಿನ ಗೌರವ ಪದವಿ ಎಂ.ಬಿ.ಇ. ಬಂತು. ಮರುವರ್ಷವೇ ಇನ್ನೊಂದು ಸುದ್ದಿ ಬಂತು.

ಕರೆಂಟು ಬಂದು ಹೋದ ಹಾಗೆ

1997ರಲ್ಲಿ ವೈದ್ಯರು ಬಾರ್ಬರಾ ಅವರಿಗೆ ಪಾರ್ಕಿನ್ಸನ್ ಕಾಯಿಲೆ ಇದೆ ಎಂದರು. ಆಗ ಅವರಿಗೆ 53ರ ಆಸುಪಾಸು.

ಈ ಕಾಯಿಲೆಯ ಲಕ್ಷಣಗಳನ್ನು 1817ರಲ್ಲಿ ವಿವರವಾಗಿ ಬರೆದಿಟ್ಟವರು ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್. ಹಾಗಾಗಿ ಈ ಹೆಸರು. ನಮ್ಮ ಆಯುರ್ವೇದದವರು ಕಂಪವಾತ ಅನ್ನುತ್ತಾರೆ. ಮಿದುಳಿನ ಆಳದಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ಜೀವಕೋಶಗಳಿವೆ. ಕೈಕಾಲು ಸರಾಗವಾಗಿ ಆಡಬೇಕಾದರೆ ಡೋಪಮೈನ್ ಬೇಕು. ಆ ಜೀವಕೋಶಗಳು ಒಂದೊಂದಾಗಿ ಸಾಯುತ್ತಾ ಹೋದರೆ ಕೈ ನಡುಗುತ್ತದೆ, ಮೈ ಬಿಗಿಯುತ್ತದೆ, ಚಲನೆ ನಿಧಾನವಾಗುತ್ತದೆ. ಮನಸ್ಸು ಹೇಳಿದ್ದು ಬೆರಳಿಗೆ ತಡವಾಗಿ ತಲುಪುತ್ತದೆ.

ಔಷಧಿ ಇದೆ. ಲೆವೊಡೋಪಾ ಎಂಬುದು ಮುಖ್ಯವಾದದ್ದು. ಅದು ಮಿದುಳಿಗೆ ಹೋಗಿ ಡೋಪಮೈನ್ ಆಗುತ್ತದೆ. ನಮ್ಮ ಹಳ್ಳಿಯ ಬೇಲಿಗಳಲ್ಲಿ ಹಬ್ಬಿ, ಮುಟ್ಟಿದರೆ ಮೈಯೆಲ್ಲ ತುರಿಸುವ ನಸುಗುನ್ನಿ ಬಳ್ಳಿಯ ಬೀಜದಲ್ಲೂ ಇದೇ ವಸ್ತು ಇದೆ. ಹಾಗೆಂದು ಯಾರೂ ಅದನ್ನು ಕಿತ್ತು ತಿನ್ನಬೇಡಿ. ಪ್ರಮಾಣ ತಪ್ಪಿದರೆ ಅಪಾಯ, ವೈದ್ಯರು ಹೇಳಿದ ಔಷಧಿಯೇ ಸರಿ. ಆದರೆ ಔಷಧಿಯ ಬಲವೂ ಕೆಲವು ವರ್ಷಗಳ ಮೇಲೆ ಗಂಟೆಗಳ ಲೆಕ್ಕಕ್ಕೆ ಇಳಿಯುತ್ತದೆ. ಗುಳಿಗೆ ಕೆಲಸ ಮಾಡುವಷ್ಟು ಹೊತ್ತು ಮೈ ಹಗುರ, ಅದರ ಶಕ್ತಿ ಇಳಿದೊಡನೆ ಮತ್ತೆ ಬಿಗಿತ. ಬೇಸಿಗೆಯಲ್ಲಿ ನಮ್ಮೂರಿಗೆ ಕರೆಂಟು ಬಂದು ಹೋಗುತ್ತದಲ್ಲ, ಹಾಗೆ.

ಈಗ ಮೊದಲು ಹೇಳಿದ್ದನ್ನು ನೆನಪು ಮಾಡಿಕೊಳ್ಳಿ. ತುಟಿ, ಉಸಿರು, ಹತ್ತು ಬೆರಳು ಒಂದೇ ಗಳಿಗೆಯಲ್ಲಿ ಒಪ್ಪಬೇಕು. ಸ್ಯಾಕ್ಸೋಫೋನ್ ನುಡಿಸುವವರಿಗೆ ಈ ಕಾಯಿಲೆ ಬಂದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಹೊಸ್ತಿಲಲ್ಲಿ ನಿಂತ ಅಣ್ಣ

ಈ ಕಾಯಿಲೆ ನನಗೆ ದೂರದ್ದಲ್ಲ. ನನ್ನ ದೊಡ್ಡಣ್ಣ ಹೈಸ್ಕೂಲು ಮೇಷ್ಟರಾಗಿದ್ದ. ಕರಿಹಲಗೆಯ ಮೇಲೆ ಅವನ ಅಕ್ಷರ ಮುತ್ತು ಪೋಣಿಸಿದ ಹಾಗೆ. ನಿವೃತ್ತನಾಗಿ ಐದಾರು ವರ್ಷಕ್ಕೆ ಆ ಅಕ್ಷರ ಸಣ್ಣದಾಗುತ್ತಾ ಬಂತು. ಸಾಲಿನ ಮೊದಲ ಪದ ಕಡಲೆಕಾಳಿನಷ್ಟಿದ್ದರೆ ಕೊನೆಯ ಪದ ಸಾಸಿವೆಯಷ್ಟು. ಬ್ಯಾಂಕಿನಿಂದ ಸಹಿ ಹೊಂದುತ್ತಿಲ್ಲವೆಂದು ಚೆಕ್ಕು ವಾಪಸ್ಸು ಬಂತು. ಅಕ್ಷರ ಹೀಗೆ ಕುಗ್ಗುವುದೂ ಈ ಕಾಯಿಲೆಯ ಒಂದು ಲಕ್ಷಣ ಎಂದು ಡಾಕ್ಟರು ಆಮೇಲೆ ವಿವರಿಸಿದರು.

ಇನ್ನೊಂದು ಲಕ್ಷಣ ಹೊಸ್ತಿಲಿನದು. ಅಂಗಳದಲ್ಲಿ ಚೆನ್ನಾಗಿ ನಡೆದು ಬಂದವನು ಬಾಗಿಲ ಬಳಿ ಬಂದೊಡನೆ ನಿಂತುಬಿಡುತ್ತಿದ್ದ. ಕಾಲು ನೆಲಕ್ಕೆ ಅಂಟಿದಂತೆ. ಹಿಂದಿನಿಂದ ತಳ್ಳಿದರೆ ಬೀಳುತ್ತಾನೆ, ಕೈ ಹಿಡಿದು ಎಳೆದರೂ ಬೀಳುತ್ತಾನೆ. ಭರತನಾಟ್ಯ ಕಲಿಯುತ್ತಿದ್ದ ಅವನ ಮೊಮ್ಮಗಳು ಒಂದು ದಿನ ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟಿದಳು.

“ಅಜ್ಜಾ, ನಾನು ತೈಯ್ಯ ತೈ ಅಂತೀನಿ. ‘ತೈ’ ಅಂದಾಗ ನೀನು ಕಾಲು ಎತ್ತಿಡು.”

“ನಂಗೆ ಡ್ಯಾನ್ಸ್ ಕಲಿಸ್ತೀಯೇನೇ?” ಅಂದ ಅಣ್ಣ. ಆದರೆ ‘ತೈ’ ಅಂದಾಗ ಕಾಲು ಎದ್ದಿತು. ಹೊಸ್ತಿಲು ದಾಟಿತು.

ಇದು ಮಾಯವೂ ಅಲ್ಲ, ಮಂತ್ರವೂ ಅಲ್ಲ. ತಾಳ ಕೇಳಿಸಿದರೆ ಪಾರ್ಕಿನ್ಸನ್ ಇರುವವರ ಹೆಜ್ಜೆ ಸುಧಾರಿಸುತ್ತದೆ ಎಂದು ವೈದ್ಯರೂ ಕಂಡುಕೊಂಡಿದ್ದಾರೆ, ಚಿಕಿತ್ಸೆಯಲ್ಲಿ ಬಳಸುತ್ತಾರೆ. ಮಿದುಳಿನ ಒಳಗಿನ ಗಡಿಯಾರ ಮಂದವಾದಾಗ ಹೊರಗಿನ ತಾಳ ಅದಕ್ಕೆ ಊರುಗೋಲಾಗುತ್ತದೆ. ಬಾರ್ಬರಾ ಥಾಮ್ಸನ್ ಅವರ ಬದುಕನ್ನು ಓದುವಾಗಲೆಲ್ಲ ನನಗೆ ಆ ಚಪ್ಪಾಳೆ ಕೇಳಿಸುತ್ತದೆ. ಅವರ ಹಿಂದೆ ಕೂತು ತಾಳ ಹಾಕಲು ಮೂವತ್ತು ವರ್ಷದ ಜೊತೆಗಾರ ಗಂಡನೇ ಇದ್ದರಲ್ಲ!

ಬೀಳ್ಕೊಡುಗೆಯ ಆಮೇಲೆ

ಕಾಯಿಲೆ ತಿಳಿದ ಮೇಲೂ ನಾಲ್ಕು ವರ್ಷ ಬಾರ್ಬರಾ ವೇದಿಕೆ ಬಿಡಲಿಲ್ಲ. 2001ರಲ್ಲಿ ಬೀಳ್ಕೊಡುಗೆಯ ಪ್ರವಾಸ ಮಾಡಿ, ಇನ್ನು ನುಡಿಸುವುದು ಸಾಕು ಎಂದು ಸ್ಯಾಕ್ಸೋಫೋನನ್ನು ಪೆಟ್ಟಿಗೆಗೆ ಇಟ್ಟರು.

ಮೂವತ್ತೈದು ವರ್ಷ ನುಡಿಸಿದ ಕೈಗೆ ಆಗ ಏನು ಉಳಿಯಿತು? ಅವರು ಕಾಲೇಜಿನಲ್ಲಿ ಕಲಿತಿದ್ದ ಇನ್ನೊಂದು ವಿದ್ಯೆ, ಸಂಗೀತ ಬರೆಯುವುದು. ಬೆರಳಿಗೆ ವೇಗ ಬೇಡ. ಮೈ ಹಗುರವಿದ್ದ ಹೊತ್ತಿನಲ್ಲಿ ಕೂತು ಬರೆಯಬಹುದು, ಬಿಗಿದಾಗ ನಿಲ್ಲಿಸಬಹುದು. ತಲೆಯೊಳಗಿನ ನಾದಕ್ಕೆ ನಡುಕವಿಲ್ಲ. ಸ್ಯಾಕ್ಸೋಫೋನ್ ತಂಡಗಳಿಗೆ, ವಾದ್ಯವೃಂದಗಳಿಗೆ ಬರೆದರು. ತಾವು ನುಡಿಸಲಾಗದ್ದನ್ನು ಬೇರೆಯವರ ಬೆರಳಿನಲ್ಲಿ ಕೇಳಿದರು.

ಕಥೆ ಇಲ್ಲಿಗೆ ಮುಗಿಯಬಹುದಿತ್ತು. ಆದರೆ 2003ರಲ್ಲಿ ಒಂದು ಕರೆ ಬಂತು. ಯುನೈಟೆಡ್ ಜಾಝ್ ಅಂಡ್ ರಾಕ್ ಎನ್ಸೆಂಬಲ್ ತನ್ನ ಬೀಳ್ಕೊಡುಗೆಯ ಪ್ರವಾಸದಲ್ಲಿತ್ತು. ಅದರ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮಾರಿಯಾನೋ ಅವರಿಗೆ ಆರೋಗ್ಯ ಕೆಟ್ಟಿತು. ಅವರ ಜಾಗದಲ್ಲಿ ಯಾರು?

ಈ ಚಾರ್ಲಿ ಮಾರಿಯಾನೋ ನಮಗೆ ಬೇಕಾದವರು. 1923ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಹುಟ್ಟಿದ ಇವರು ನಾಗಸ್ವರ ಕಲಿತವರು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನ ಟಿ.ಎ.ಎಸ್. ಮಣಿ ಮತ್ತು ಗಾಯಕಿ ಆರ್.ಎ. ರಮಾಮಣಿ ಅವರೊಂದಿಗೆ ವರ್ಷಗಳ ಕಾಲ ಸೇರಿ ನುಡಿಸಿದವರು. ಅವರೆಲ್ಲ ಕೂಡಿ ಮಾಡಿದ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆ 1983ರಲ್ಲಿ ಬಂತು. ಅಂದರೆ, ನಮ್ಮ ಬೆಂಗಳೂರಿನ ತಾಳದ ಪಾಠ ಕೇಳಿದವರೊಬ್ಬರು ಬಿಟ್ಟ ಜಾಗ ತುಂಬಲು, ಪೆಟ್ಟಿಗೆಯಿಂದ ಸ್ಯಾಕ್ಸೋಫೋನ್ ಹೊರತೆಗೆದು ಬಾರ್ಬರಾ ಮತ್ತೆ ವೇದಿಕೆ ಹತ್ತಿದರು.

ಅಲ್ಲಿಂದ ಮುಂದೆ ಅವರು ಹಿಂದೆ ನೋಡಲಿಲ್ಲ. ಕೊಲೋಸಿಯಮ್ ತಂಡದ ಡಿಕ್ ಹೆಕ್‌ಸ್ಟಾಲ್-ಸ್ಮಿತ್ 2004ರ ಡಿಸೆಂಬರಿನಲ್ಲಿ ತೀರಿಕೊಂಡರು. ಮಕ್ಕಳೇ, ಇವರು ಎರಡು ಸ್ಯಾಕ್ಸೋಫೋನುಗಳನ್ನು ಒಟ್ಟಿಗೇ ಬಾಯಲ್ಲಿಟ್ಟು ನುಡಿಸುತ್ತಿದ್ದ ಗಟ್ಟಿಗ! ಅವರ ಜಾಗಕ್ಕೂ ಬಾರ್ಬರಾ ಬಂದರು. 2005ರಲ್ಲಿ ಸ್ವಂತ ತಂಡ ಪ್ಯಾರಾಫರ್ನೇಲಿಯಾದೊಂದಿಗೆ ಪ್ರವಾಸ ಹೊರಟರು. ಬೀಳ್ಕೊಡುಗೆ ಮುಗಿಸಿ ನಾಲ್ಕು ವರ್ಷವಾದ ಮೇಲೆ ಹೊರಟ ಆ ಪ್ರವಾಸದ ಹೆಸರು ‘ನೆವರ್ ಸೇ ಗುಡ್‌ಬೈ’, ‘ವಿದಾಯ ಎನ್ನದಿರು’. ತಮ್ಮನ್ನು ತಾವೇ ನೋಡಿ ನಗುವ ಗುಣ ಇದ್ದವರಿಗೆ ಮಾತ್ರ ಇಂಥ ಹೆಸರು ಹೊಳೆಯುತ್ತದೆ.

ಕಾಲದ ಎದುರು

2012ರಲ್ಲಿ ಬಿಬಿಸಿ ಅವರ ಬಗ್ಗೆ ಒಂದು ಸಾಕ್ಷ್ಯಚಿತ್ರ ಪ್ರಸಾರ ಮಾಡಿತು. ನಿರ್ದೇಶಕ ಮೈಕ್ ಡಿಬ್. ಚಿತ್ರದ ಹೆಸರು ‘ಪ್ಲೇಯಿಂಗ್ ಅಗೇನ್ಸ್ಟ್ ಟೈಮ್’. ಕನ್ನಡದಲ್ಲಿ ‘ಕಾಲದ ಎದುರು ನುಡಿಸುತ್ತಾ’ ಎನ್ನಬಹುದು. ನಮ್ಮ ಸಂಗೀತದಲ್ಲಿ ಕಾಲ ಎಂಬ ಮಾತಿಗೆ ಎರಡು ಅರ್ಥವಿದೆಯಲ್ಲ. ಗಡಿಯಾರದ ಕಾಲ ಒಂದು, ಒಂದನೇ ಕಾಲ ಎರಡನೇ ಕಾಲ ಎಂದು ಪಾಠದಲ್ಲಿ ಹೇಳಿಕೊಡುವ ಲಯದ ಕಾಲ ಇನ್ನೊಂದು. ಬಾರ್ಬರಾ ಎರಡರ ಜೊತೆಗೂ ಸೆಣಸಿದರು.

ಅವರು ಕಾಯಿಲೆಯನ್ನು ಸೋಲಿಸಿದರು ಎಂದು ಬರೆದರೆ ಸುಳ್ಳಾಗುತ್ತದೆ. ಪಾರ್ಕಿನ್ಸನ್ ಕಾಯಿಲೆಗೆ ಇವತ್ತಿಗೂ ಪೂರ್ತಿ ಗುಣಪಡಿಸುವ ಮದ್ದಿಲ್ಲ. ಅದು ಹಿಂದೆ ಸರಿಯಲಿಲ್ಲ, ವರ್ಷ ವರ್ಷಕ್ಕೂ ಒಂದೊಂದು ಹೆಜ್ಜೆ ಮುಂದೆಯೇ ಬಂತು. ಬಾರ್ಬರಾ ಮಾಡಿದ್ದು ಇಷ್ಟು: ಈ ವರ್ಷ ಸಂಗೀತದ ಯಾವ ಕೆಲಸ ತನ್ನ ಕೈಯಲ್ಲಿ ಆಗುತ್ತದೆ ಎಂದು ನೋಡಿಕೊಂಡು ಅದನ್ನು ಮಾಡಿದರು. ನುಡಿಸಲಾಗದಾಗ ಬರೆದರು. ಮತ್ತೆ ಬೆರಳು ಒಪ್ಪಿದಾಗ ನುಡಿಸಿದರು. ಕೊಲೋಸಿಯಮ್ 2015ರ ಫೆಬ್ರುವರಿ 28ರಂದು ಲಂಡನ್ನಿನಲ್ಲಿ ಬೀಳ್ಕೊಡುಗೆಯ ಕಛೇರಿ ನಡೆಸಿದಾಗ ಎಪ್ಪತ್ತು ದಾಟಿದ ಬಾರ್ಬರಾ ಆ ತಂಡದಲ್ಲಿದ್ದರು. ಕಾಯಿಲೆ ಗೊತ್ತಾಗಿ ಆಗ ಹದಿನೆಂಟು ವರ್ಷ!

2018ರ ಜೂನ್‌ನಲ್ಲಿ ಜಾನ್ ಹೈಸ್‌ಮನ್ ಮಿದುಳಿನ ಗಡ್ಡೆಯಿಂದ ತೀರಿಕೊಂಡರು. ಐವತ್ತು ವರ್ಷ ಹಿಂದೆ ಕೂತು ತಾಳ ಹಿಡಿದ ಜೊತೆಗಾರ ಹೋದಮೇಲೆ ಬಾರ್ಬರಾ ಇನ್ನೊಂದು ಕೆಲಸ ಮುಗಿಸಿದರು. ತಮ್ಮ ಆತ್ಮಕಥೆಯನ್ನು 2020ರಲ್ಲಿ ಹೊರತಂದರು. ಅದರ ಹೆಸರು ‘ಜರ್ನಿ ಟು ಎ ಡೆಸ್ಟಿನೇಶನ್ ಅನ್‌ನೋನ್’, ಎಲ್ಲಿಗೆಂದು ಗೊತ್ತಿಲ್ಲದ ಪಯಣ. 2022ರ ಜುಲೈ 9ರಂದು, 78ನೇ ಹುಟ್ಟುಹಬ್ಬಕ್ಕೆ ಹದಿನೆಂಟು ದಿನ ಬಾಕಿ ಇರುವಾಗ, ಆ ಪಯಣ ಮುಗಿಯಿತು.

ಮಕ್ಕಳೇ, ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಕೈ ನಡುಗುವ ಹಿರಿಯರಿದ್ದರೆ, ಅಂಗಿಯ ಗುಂಡಿ ಹಾಕಿಕೊಳ್ಳಲು ಅವರಿಗೆ ಐದು ನಿಮಿಷ ಬೇಕಾಗಬಹುದು. ಕೊಡಿ. ತಟ್ಟೆಯಿಂದ ಅನ್ನ ಚೆಲ್ಲಿದರೆ ನೋಡದವರಂತೆ ಇರಿ. ಅವರು ಹೊಸ್ತಿಲಲ್ಲಿ ನಿಂತರೆ ಎಳೆಯಬೇಡಿ, ಪಕ್ಕದಲ್ಲಿ ನಿಂತು ತಾಳ ಹಾಕಿ. ಹಿರಿಯರೇ, ನಿಮಗೊಂದು ಮಾತು. ಮೊದಲಿನಂತೆ ಹಾಡಲಾಗದಿದ್ದರೆ ಮಗುವಿಗೆ ಹೇಳಿಕೊಡಬಹುದು. ಬರೆಯಲಾಗದಿದ್ದರೆ ನೀವು ಹೇಳಿ, ಮೊಮ್ಮಕ್ಕಳು ಬರೆದುಕೊಳ್ಳಲಿ. ನಿಮ್ಮೊಳಗಿನ ಸರಕು ಸರಂಜಾಮು ಪೆಟ್ಟಿಗೆಯಲ್ಲೇ ಉಳಿಯದಿರಲಿ.

ಅಜ್ಜ-ಮೊಮ್ಮಕ್ಕಳು ಕೂಡಿ ಕೇಳಿ

• ಕದ್ರಿ ಗೋಪಾಲನಾಥರ ಒಂದು ಕೀರ್ತನೆ ಕೇಳಿ. ಆಮೇಲೆ ಬಾರ್ಬರಾ ಥಾಮ್ಸನ್ ಅವರ ಪ್ಯಾರಾಫರ್ನೇಲಿಯಾದ ಒಂದು ರಚನೆ ಕೇಳಿ. ವಾದ್ಯ ಒಂದೇ, ಗಮಕ ಎಲ್ಲಿ ಬರುತ್ತದೆ, ಎಲ್ಲಿ ಇಲ್ಲ ಎಂದು ಪತ್ತೆ ಹಚ್ಚಿ.

• ‘ಜ್ಯೋತಿ’ ಧ್ವನಿಮುದ್ರಿಕೆಯಲ್ಲಿ ರಮಾಮಣಿ ಅವರ ದನಿಯನ್ನು ಮಾರಿಯಾನೋ ಹೇಗೆ ಹಿಂಬಾಲಿಸುತ್ತಾರೆ, ಗಮನಿಸಿ.

• ಜಾಝ್ ಕೇಳುವಾಗ ಡ್ರಮ್ಮಿನ ಜೊತೆ ಬೆರಳಲ್ಲಿ ತಾಳ ಹಾಕಿ. ತಪ್ಪಿದರೆ ನಗಿ, ಮತ್ತೆ ಹಿಡಿಯಿರಿ.